ಬಾತುಕೋಳಿ ಸೋಪು: ಎರಡು ಕೈಯ ಮಡಿಕೆ

"ಇದು ಬೇಡಪ್ಪ, ಬಾತುಕೋಳಿ ಕೊಡು" ಎಂದು ಮುದುಕಿ ಬಿಳಿ ಕಾಗದದ ಸೋಪನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದಳು, ಸತ್ತ ಹಲ್ಲಿಯನ್ನು ತಳ್ಳುವ ಹಾಗೆ.

"ಅಜ್ಜಿ, ಇದೇ ಬಾತುಕೋಳಿ ಸೋಪು. ಮೈಮೇಲಿನ ಬಟ್ಟೆ ಬದಲಾಯಿಸಿದ್ದಾರೆ ಅಷ್ಟೆ" ಎಂದ ಅಂಗಡಿಯವನು.

"ಬಟ್ಟೆ ಬದಲಾಯಿಸಿದ್ರೆ ಮೂತಿ ಎಲ್ಲಿಗೆ ಹೋಗುತ್ತೋ? ತೋರಿಸು, ಕೊಕ್ಕೆಲ್ಲಿದೆ?"

"ಕೊಕ್ಕಲ್ಲಿ ಬಟ್ಟೆ ಒಗೀತೀಯಾ?"

"ಒಗೀತೀನೋ ಬಿಡ್ತೀನೋ, ನಿನಗ್ಯಾಕೆ? ಈ ಎಲೆ ಸೋಪಲ್ಲಿ ನೊರೆ ಬರಲ್ಲ. ಕೈ ಬೇರೆ ತುರಿಸುತ್ತೆ. ನಮ್ಮ ಬೀದೀಲಿ ಎಲ್ಲರಿಗೂ ತುರಿಸುತ್ತೆ. ಪಕ್ಕದ ಮನೆಯವಳಿಗಂತೂ ನೋಡಿದ್ರೇ ತುರಿಸುತ್ತಂತೆ."

ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದ ತಕ್ಕಡಿ ಅತ್ತೆ ನಗು ತಡೆಯಲು ಅಂಗೈಯನ್ನು ಬಾಯಿಗೆ ಒತ್ತಿಕೊಂಡಳು. ಅಂಗಡಿ ಅಂಗಡಿಗೆ ಹೋಗಿ ತೂಕದ ಕಲ್ಲು ಬಟ್ಟು, ಅಳತೆ ಮಾಪು ಪರೀಕ್ಷಿಸುವ ನೌಕರಿಯಲ್ಲಿ ಕೂದಲು ನರೆಸಿಕೊಂಡವಳು ಅವಳು. ನೌಕರಿ ಮುಗಿದರೂ ಹೆಸರು ಮುಗಿದಿರಲಿಲ್ಲ. ಈಗಲೂ ಅವಳು ಬೀದಿಗಿಳಿದರೆ ವ್ಯಾಪಾರಿಗಳ ಬೆರಳು ತಾವಾಗಿಯೇ ತಕ್ಕಡಿಯ ತಟ್ಟೆಯಿಂದ ಮೇಲೇಳುತ್ತಿದ್ದವು.

ಆ ಸೋಪು ಅವಳ ತವರಿನದು. ತಮ್ಮನ ಮಗ ಚಿಕ್ಕ ಯಜಮಾನನಾಗಿ ಕಾರ್ಖಾನೆಯ ಹೊಣೆ ಹೊತ್ತ ಮೇಲೆ ಹಳದಿ ಕಾಗದದ ಬಾತುಕೋಳಿ ಹೋಗಿ ಬಿಳಿ ಕಾಗದದ ಹಸಿರೆಲೆ ಬಂದಿತ್ತು. ಬಂದದ್ದೇ ತಡ, ಸೋಪು ಅಂಗಡಿಗಳಿಂದ ಹಿಂದಕ್ಕೆ ಬರತೊಡಗಿತ್ತು. ಅತ್ತ, ಅವನು ಬೆಂಕಿಗೆ ಹಾಕಿಸಿದ್ದ ಹಳೆಯ ಕಾಗದವನ್ನೇ ಸುತ್ತಿಕೊಂಡು ಯಾರದೋ ಕೈಯಿಂದ ಬಾತುಕೋಳಿ ಮತ್ತೆ ಊರೊಳಗೆ ಈಜಾಡುತ್ತಿತ್ತು.

ಅನುಮಾನ ಹೋಗಿ ಕುಳಿತದ್ದು ಮಡಿಕೆಯಕ್ಕನ ಮೇಲೆ. ಕಾಗದ ಮಡಚಿ ಸೋಪು ಸುತ್ತುವ ಹೆಂಗಸರಿಗೆಲ್ಲ ಅವಳೇ ಹಿರಿಯಳು. ಕಾಗದದ ಕೋಣೆಯ ಬೀಗದ ಕೈ ಅವಳ ಸೊಂಟದಲ್ಲೇ ಇರುತ್ತಿತ್ತು. ಇವತ್ತು ಬೆಳಿಗ್ಗೆ ಚಿಕ್ಕ ಯಜಮಾನ ಎಲ್ಲರ ಎದುರು ಕೈಚಾಚಿ ಆ ಬೀಗದ ಕೈ ಕೇಳಿದ. ಅವಳು ಒಂದು ಮಾತೂ ಆಡದೆ ಬಿಚ್ಚಿ ಕೊಟ್ಟು, ಕೈಯಲ್ಲಿದ್ದ ಸೋಪನ್ನು ಪೂರ್ತಿ ಸುತ್ತಿ ಇಟ್ಟು, ಎದ್ದು ಹೋದಳು. ಸಂಜೆಗೆ ಪೊಲೀಸರನ್ನು ಕರೆಸುತ್ತೇನೆ ಎಂದು ಅವನು, ಕಳ್ಳರನ್ನು ಹುಡುಕಿಕೊಡೆಂದು ತಾನೇ ಕೇಳಿಕೊಂಡಿದ್ದ ಅತ್ತೆಗೆ ಹೇಳಿದ್ದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜಾತಿಯವನು.

ಸಂಜೆಯೊಳಗೆ ನಿಜವಾದ ಕೈ ಸಿಗದಿದ್ದರೆ, ಬದುಕನ್ನೆಲ್ಲ ಆ ಕಾರ್ಖಾನೆಯ ಮಣೆಯ ಮೇಲೆ ಕಳೆದ ಹೆಂಗಸು ಕಳ್ಳಿ ಅನ್ನಿಸಿಕೊಂಡು ಬೀದಿಯಲ್ಲಿ ನಡೆಯಬೇಕಾಗಿತ್ತು.

ಅಂಗಡಿಯವನು ಒಮ್ಮೆ ಅತ್ತೆಯ ಕಡೆ ನೋಡಿದ, ಒಮ್ಮೆ ಮುದುಕಿಯ ಕಡೆ ನೋಡಿದ. ಮುದುಕಿ ಕದಲುವ ಹಾಗೆ ಕಾಣಲಿಲ್ಲ. ಕೊನೆಗೆ ಅವನು ಬಗ್ಗಿ, ಅಕ್ಕಿ ಮೂಟೆಯ ಹಿಂದೆ ಕೈ ಹಾಕಿ ಒಂದು ಸೋಪು ತೆಗೆದ. ಒರಟು ಹಳದಿ ಕಾಗದ, ನಡುವೆ ಕೆಂಪು ವೃತ್ತ, ಅದರೊಳಗೆ ಕತ್ತು ತಿರುಗಿಸಿ ಹಿಂದೆ ನೋಡುವ ಬಾತುಕೋಳಿ.

"ಬಂದ್ಯಾ ನನ್ನವ್ವ" ಎಂದು ಮುದುಕಿ ಅದನ್ನು ಕೆನ್ನೆಗೆ ಒತ್ತಿಕೊಂಡು ಹೊರಟಳು.

"ನನಗೂ ಒಂದು" ಎಂದಳು ಅತ್ತೆ.

"ಅಮ್ಮಾ, ಅದು ಕೊನೇದು."

"ಹಾಗಾದ್ರೆ ಮೂಟೆ ಹಿಂದೆ ಕೂತಿರೋದು ಅದರ ಮರಿಗಳಾ?"

ಅವನು ತಲೆ ಕೆರೆದುಕೊಂಡು ಇನ್ನೊಂದನ್ನು ತೆಗೆದುಕೊಟ್ಟ.

"ಯಾರು ತಂದುಕೊಡ್ತಾರೆ ನಿನಗೆ?"

"ಅಮ್ಮಾ, ನನ್ನ ತಕ್ಕಡಿ ಬೇಕಾದ್ರೆ ಮುರಿದುಹಾಕಿ. ಅದೊಂದು ಕೇಳಬೇಡಿ. ಮಾತು ಕೊಟ್ಟಿದ್ದೀನಿ."

"ಮಡಿಕೆಯಕ್ಕನಾ?"

ಅವನು ಬಾಯಿ ತೆರೆದ. ಇಲ್ಲ ಅನ್ನಲು ಹೊರಟವನು, ಇಲ್ಲ ಅಂದರೆ ಹಾಗಾದರೆ ಯಾರು ಎಂಬ ಪ್ರಶ್ನೆ ಬರುತ್ತದೆಂದು ನೆನಪಾಗಿ ಬಾಯಿ ಮುಚ್ಚಿಕೊಂಡ. ಅತ್ತೆಗೆ ಅಷ್ಟು ಸಾಕಾಯಿತು. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದವನು. ತೂಕದಲ್ಲಿ ಮಾತ್ರ ಸ್ವಲ್ಪ ಹೇಳುತ್ತಿದ್ದ.

ಕಾಲುವೆಯ ಪಕ್ಕದ ದಾರಿ ಹಿಡಿದು ಅತ್ತೆ ತವರಿನ ಕಡೆ ನಡೆದಳು. ನೀರಿನ ಮೇಲೆ ಬಿಸಿಲು ಬಿದ್ದು ಕಣ್ಣು ಕುಕ್ಕುತ್ತಿತ್ತು. ಆಚೆ ದಡದಲ್ಲಿ ಬಟ್ಟೆ ಒಗೆಯುವ ಕಲ್ಲುಗಳ ಮೇಲೆ ಒಂದು ಹಳದಿ, ಒಂದು ಹಳದಿ, ಮತ್ತೊಂದು ಹಳದಿ. ಬಿಳಿ ಕಾಗದ ಒಂದೂ ಇರಲಿಲ್ಲ. ಇಷ್ಟು ಮಂದಿ ಒಂದು ಹಕ್ಕಿಗೆ ಹೀಗೆ ಅಂಟಿಕೊಂಡಿದ್ದಾರೆಂದು ಅದು ಹಾರಿಹೋಗುವವರೆಗೆ ಯಾರಿಗೆ ಗೊತ್ತಿತ್ತು?

ಕಟ್ಟೆಯ ಮೇಲೆ ಕುಳಿತು ಅವಳು ಸೋಪನ್ನು ಬಿಚ್ಚತೊಡಗಿದಳು. ಈ ಮೊದಲು ಸಿಕ್ಕ ಬಾತುಕೋಳಿ ಸೋಪುಗಳನ್ನೆಲ್ಲ ಅವಳು ತೂಗಿ ನೋಡಿದ್ದಳು, ಮೂಸಿ ನೋಡಿದ್ದಳು. ತೂಕ ಸರಿ, ವಾಸನೆ ಸರಿ, ಸೋಪಿನ ಮೇಲೆ ಒತ್ತಿದ ಅಚ್ಚು ಸರಿ. ಒಳಗಿದ್ದದ್ದು ಕಾರ್ಖಾನೆಯದೇ ಸೋಪು. ಅಷ್ಟಕ್ಕೇ ನಿಂತುಬಿಟ್ಟಿದ್ದಳು. ತೂಗುವವಳಿಗೆ ಕಂಡದ್ದೆಲ್ಲ ತೂಕವೇ. ಕಾಗದವನ್ನು ಹರಿದು ಬಿಸಾಡಿದ್ದಳು.

ಇವತ್ತು ಹರಿಯುವ ಅವಸರವಿರಲಿಲ್ಲ. ಒಂದು ತುದಿಗೆ ಹೆಬ್ಬೆರಳು ಹಾಕಿದಳು, ಸುಲಭವಾಗಿ ಬಿಚ್ಚಿಕೊಂಡಿತು. ಇನ್ನೊಂದು ತುದಿಗೆ ಹಾಕಿದಳು. ಅದು ಬಿಚ್ಚಲಿಲ್ಲ.

ತಿರುಗಿಸಿ ನೋಡಿದಳು. ಮತ್ತೆ ಮೊದಲಿನ ತುದಿ ನೋಡಿದಳು. ಕನ್ನಡಕ ಒರೆಸಿ ಹಾಕಿಕೊಂಡಳು.

ಬಿಚ್ಚಿದ ತುದಿ ಹಳೆಯ ಮಡಿಕೆ. ಕಾಗದದ ಅಂಚನ್ನು ನೆರಿಗೆ ನೆರಿಗೆಯಾಗಿ ಒಳಕ್ಕೆ ಒತ್ತಿ, ನಡುವೆ ಗಂಜಿಯ ಅಂಟು ಹಚ್ಚಿ ಕೂರಿಸುವುದು. ಅತ್ತೆ ಹುಡುಗಿಯಾಗಿದ್ದಾಗ ಅಪ್ಪನ ಪಕ್ಕ ಕುಳಿತು ಅದನ್ನೇ ಮಾಡುತ್ತಿದ್ದಳು. ಬಿಚ್ಚದ ತುದಿ ಹೊಸ ಮಡಿಕೆ. ಎರಡೂ ಬದಿಯನ್ನು ಮೂಲೆಗೆ ಮಡಚಿ ಒಂದರ ಹೊಟ್ಟೆಯೊಳಗೆ ಇನ್ನೊಂದನ್ನು ತೂರಿಸುವುದು. ಹೊಸ ಬಿಳಿ ಕಾಗದ ನುಣುಪು, ಅದಕ್ಕೆ ಗಂಜಿ ಅಂಟುವುದಿಲ್ಲ. ಅದಕ್ಕೆಂದೇ ಮನೆಯ ಸೊಸೆ, ಚಿಕ್ಕ ಯಜಮಾನನ ಹೆಂಡತಿ, ಕಂಡುಹಿಡಿದು ಕಾರ್ಖಾನೆಯ ಹೆಂಗಸರಿಗೆಲ್ಲ ಕಲಿಸಿದ್ದು.

ಒಂದೇ ಸೋಪು. ಎರಡು ತುದಿಗೆ ಎರಡು ಮಡಿಕೆ.

ಒಬ್ಬರೇ ಸುತ್ತಿದರೆ ಹೀಗಾಗುವುದಿಲ್ಲ. ಕೈಗೆ ಒಂದೇ ಹಾದಿ ಗೊತ್ತು, ಈ ತುದಿಗೆ ಹೋದ ಹಾಗೆಯೇ ಆ ತುದಿಗೂ ಹೋಗುತ್ತದೆ. ಇದು ಇಬ್ಬರ ಕೆಲಸ. ಎದುರು ಬದುರು ಕುಳಿತು, ನಡುವೆ ಸೋಪು ಇಟ್ಟುಕೊಂಡು, ಅವರವರ ಕಡೆಯ ತುದಿಯನ್ನು ಅವರವರು ಮುಚ್ಚಿದ್ದಾರೆ. ಒಬ್ಬರಿಗೆ ಹಳೆಯದು ಮಾತ್ರ ಗೊತ್ತು. ಇನ್ನೊಬ್ಬರಿಗೆ ಹೊಸದು ಮಾತ್ರ ಗೊತ್ತು.

ಅತ್ತೆ ನೆರಿಗೆಯನ್ನು ಬಿಸಿಲಿಗೆ ಹಿಡಿದಳು. ಮಡಿಕೆಯಕ್ಕನ ಮಡಿಕೆಯಾದರೆ ಗಂಜಿಯ ಮೇಲೆ ಹೆಬ್ಬೆರಳ ಉಗುರಿನ ಸಣ್ಣ ಗೆರೆ ಇರಲೇಬೇಕು. ಅವಳು ಉಗುರಿನಿಂದ ಒತ್ತದೆ ಯಾವ ಸೋಪನ್ನೂ ಕೆಳಗಿಟ್ಟವಳಲ್ಲ. ಇಲ್ಲಿ ಉಗುರಿನ ಗೆರೆ ಇರಲಿಲ್ಲ. ಅಗಲವಾದ, ಮೊಂಡಾದ ಒಂದು ಒತ್ತು ಮಾತ್ರ ಇತ್ತು.

ಹೆಬ್ಬೆರಳಿಗೆ ಉಗುರೇ ಇಲ್ಲದವನ ಒತ್ತು.

"ಅಯ್ಯೋ ಮುಂಡೇದೇ" ಎಂದಳು ಅತ್ತೆ, ತುಂಬ ಪ್ರೀತಿಯಿಂದ.

ಸೋಪಿನ ಅಚ್ಚಿನ ಯಂತ್ರಕ್ಕೆ ಹೆಬ್ಬೆರಳು ಕೊಟ್ಟು ಉಗುರು ಕಳೆದುಕೊಂಡವನು ಊರಿನಲ್ಲಿ ಒಬ್ಬನೇ ಇದ್ದ. ಅವಳ ಒಡಹುಟ್ಟಿದ ತಮ್ಮ. ಕಾರ್ಖಾನೆಯ ದೊಡ್ಡ ಯಜಮಾನ. ಈಗ ಮಗನಿಗೆ ಎಲ್ಲ ಬಿಟ್ಟುಕೊಟ್ಟು ಜಗಲಿಯಲ್ಲಿ ಕುಳಿತು ಹೋಗುವವರ ಬರುವವರ ತಪ್ಪು ಎಣಿಸುವವನು. ಅವನು ಬಾತುಕೋಳಿಯನ್ನು ಮರಳಿ ತಂದದ್ದರಲ್ಲಿ ಆಶ್ಚರ್ಯವೇನೂ ಇರಲಿಲ್ಲ. ಅದನ್ನು ಬರೆದವನು ಅವನ ಅಪ್ಪ.

ಆಶ್ಚರ್ಯವಿದ್ದದ್ದು ಆ ಕಡೆಯ ತುದಿಯಲ್ಲಿ. ಹೊಸ ಮಡಿಕೆ ಮಾತ್ರ ಬಲ್ಲವಳು, ಹಳೆಯದನ್ನು ಒಮ್ಮೆಯೂ ಮಡಚದವಳು, ಸೊಸೆ. ಆ ಹಸಿರೆಲೆಯನ್ನು ಬರೆದವಳೇ ಅವಳು. ಬಾತುಕೋಳಿಯನ್ನು ಓಡಿಸಿದವಳೇ ಅವಳು. ಅದಾದ ಮೇಲೆ ಮಾವ ಸೊಸೆಯದು ಎಣ್ಣೆ ಸೀಗೆಕಾಯಿ. ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ಮಾವ ಗೋಡೆಗೆ ಹೇಳಿದ್ದ: "ಗೋಡೆಯೇ, ಉಪ್ಪನ್ನ ಯಾರಾದ್ರೂ ಈ ಕಡೆ ತಳ್ಳಿದ್ರೆ ಅವರ ಕೈಯೇನೂ ಸವೆಯಲ್ಲ ಅಂತ ಹೇಳು." ಸೊಸೆ ಕಿಟಕಿಗೆ ಹೇಳಿದ್ದಳು: "ಕಿಟಕಿಯೇ, ಕೈ ಸವೆಯಲ್ಲ, ಉಪ್ಪು ಸವೆಯುತ್ತೆ ಅಂತ ಹೇಳು." ನಡುವೆ ಕುಳಿತ ಚಿಕ್ಕ ಯಜಮಾನ ತಟ್ಟೆಯ ಅನ್ನ ಬಿಟ್ಟು ಎದ್ದಿದ್ದ.

ಆ ಇಬ್ಬರು, ಎದುರು ಬದುರು ಕುಳಿತು, ಸೋಪು ಸುತ್ತುವುದೆ?

ಅತ್ತೆ ಇನ್ನೊಂದು ತುದಿಯನ್ನೂ ಮೆಲ್ಲಗೆ ಬಿಡಿಸಿ, ಕಾಗದವನ್ನು ಜೋಪಾನವಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು.

ಮನೆಯ ಜಗಲಿ ಖಾಲಿಯಿತ್ತು. ತಮ್ಮನ ಚಪ್ಪಲಿ ಇತ್ತು, ತಮ್ಮ ಇರಲಿಲ್ಲ. ಅಡುಗೆಮನೆ ತೊಳೆದಿತ್ತು, ಸೊಸೆ ಇರಲಿಲ್ಲ. ಹಿತ್ತಲಿನ ಕೊನೆಯಲ್ಲಿ ಹಳೆಯ ಕಟ್ಟಿಗೆ ಕೊಟ್ಟಿಗೆ. ಅಂಗಡಿಗಳಿಂದ ಹಿಂದಕ್ಕೆ ಬಂದ ಬಿಳಿ ಸೋಪುಗಳನ್ನು, ಕಾರ್ಖಾನೆಯಲ್ಲಿ ಕಣ್ಣಿಗೆ ಬೀಳದಿರಲೆಂದು, ಚಿಕ್ಕ ಯಜಮಾನ ಅಲ್ಲಿ ಒಟ್ಟಿಸಿದ್ದ. ಬಾಗಿಲು ಮುಂದಕ್ಕೆ ಎಳೆದಿತ್ತು.

ಒಳಗಿನಿಂದ ಪಿಸುಮಾತು ಕೇಳಿತು.

"ಮಾವ, ನಿನ್ನೆ ಉಪ್ಪಿನ ಮಾತು ಸ್ವಲ್ಪ ಜಾಸ್ತಿ ಆಯ್ತು. ಅವರು ಅರ್ಧ ಊಟಕ್ಕೇ ಎದ್ದುಬಿಟ್ರು."

"ನೀನು ಸವೆಯುತ್ತೆ ಅಂದದ್ದು ಕಡಿಮೆಯೇನೇ? ನನಗೆ ನಗು ಬಂದು ಕೆಮ್ಮು ಅಂತ ತೋರಿಸಿಕೊಳ್ಳಬೇಕಾಯ್ತು."

"ಇವತ್ತು ಯಾವುದಕ್ಕೆ ಜಗಳ?"

"ಚಹಾಕ್ಕೆ ಸಕ್ಕರೆ ಹಾಕಬೇಡ. ನಾನು ಕಂಬಕ್ಕೆ ಹೇಳ್ತೀನಿ."

ಅತ್ತೆ ಬಾಗಿಲು ತಳ್ಳಿದಳು.

ಇಬ್ಬರೂ ಒಂದು ಹಲಗೆಯ ಆ ಕಡೆ ಈ ಕಡೆ ಕುಳಿತಿದ್ದರು. ಹಲಗೆಯ ಮೇಲೆ ಗಂಜಿಯ ಬಟ್ಟಲು ಒಣಗಿತ್ತು. ತಮ್ಮ ಎದ್ದ ರಭಸಕ್ಕೆ ತಲೆ ಮೇಲಿನ ತೊಲೆಗೆ ಬಡಿಯಿತು.

"ಏನಕ್ಕ, ಇಲ್ಲಿ?" ಎಂದ ತಲೆ ಹಿಡಿದುಕೊಂಡು.

"ಅದನ್ನ ನಾನು ಕೇಳಬೇಕು."

"ನಾನು ಇವಳಿಗೆ ಬುದ್ಧಿ ಹೇಳ್ತಿದ್ದೆ. ಈ ಮನೆಗೆ ಬಂದು ನಮ್ಮ ಅಪ್ಪನ ಬಾತುಕೋಳಿ ಕತ್ತು ಹಿಚುಕಿದಳಲ್ಲ..."

"ಗೋಡೆ ಮೂಲಕ ಹೇಳ್ತಿಲ್ಲವಲ್ಲ?"

ತಮ್ಮ ಗೋಡೆ ಹುಡುಕಿದ. ಸುತ್ತ ಸೋಪಿನ ರಾಶಿ ಬಿಟ್ಟರೆ ಏನೂ ಕಾಣಲಿಲ್ಲ. ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳ ಕೈ ಮಡಿಲಲ್ಲಿದ್ದ ಅಂಟಿನ ಕಡ್ಡಿಯನ್ನು ಮುಚ್ಚಿಕೊಂಡಿತ್ತು.

"ಕೂತ್ಕೋ" ಎಂದಳು ಅತ್ತೆ ತಮ್ಮನಿಗೆ. ಅವಳ ಆ ದನಿಗೆ ಅವನು ಚಿಕ್ಕಂದಿನಿಂದಲೂ ಕುಳಿತೇ ಗೊತ್ತು. ಕುಳಿತ.

ಅವಳು ರಾಶಿಯಿಂದ ಒಂದು ಬಿಳಿ ಸೋಪು ತೆಗೆದು ಕಾಗದ ಕಿತ್ತಳು. ಚೀಲದಿಂದ ಹಳದಿ ಕಾಗದ ತೆಗೆದು ಹಲಗೆಯ ನಡುವೆ ಹಾಸಿ, ಅದರ ಮೇಲೆ ಸೋಪು ಇಟ್ಟಳು. ಏನೂ ಹೇಳದೆ ಒಂದು ಕಟ್ಟಿಗೆಯ ತುಂಡಿನ ಮೇಲೆ ತಾನೂ ಕುಳಿತಳು.

ಹೊರಗೆ ಒಂದು ಕೋಳಿ ಕೊಕ್ಕೊಕ್ ಎನ್ನುತ್ತ ಹೋಯಿತು.

"ಅಕ್ಕ, ನೀನು ಏನೋ ತಪ್ಪು ತಿಳ್ಕೊಂಡಿದ್ದೀಯ..." ಎನ್ನುತ್ತಲೇ ತಮ್ಮನ ಕೈ ಕಾಗದದ ಅಂಚನ್ನು ಎತ್ತಿತು. ಸೊಸೆಯ ಕೈ ಆ ಕಡೆಯ ಅಂಚನ್ನು ತಂದು ಅದರ ಮೇಲೆ ಹಾಕಿತು. "ನಾನು ಜಗಲಿ ಬಿಟ್ಟು ಎದ್ದವನೇ ಅಲ್ಲ" ಎನ್ನುವಷ್ಟರಲ್ಲಿ ಅವನ ಕಡೆಯ ನೆರಿಗೆ ಮುಗಿದಿತ್ತು. ಆ ಕಡೆ ಎರಡು ಮೂಲೆಗಳು ಒಂದರೊಳಗೊಂದು ತೂರಿಕೊಂಡಿದ್ದವು. ಉಗುರಿಲ್ಲದ ಹೆಬ್ಬೆರಳು ನೆರಿಗೆಯ ಮೇಲೆ ಒತ್ತಿ ನಿಂತಾಗ ಅವನಿಗೆ ತಾನು ಏನು ಮಾಡಿದೆನೆಂದು ತಿಳಿಯಿತು.

ಸೊಸೆ ಮೊದಲು ನಕ್ಕಳು. ಆಮೇಲೆ ಆ ನಗು ಬೇರೆ ಏನೋ ಆಗಿ ಅವಳು ಮುಖ ಮುಚ್ಚಿಕೊಂಡಳು.

"ಬೈಬೇಡ ಅವಳನ್ನ" ಎಂದ ತಮ್ಮ ಥಟ್ಟನೆ. "ಬೈಯೋದಾದ್ರೆ ನನ್ನ ಬೈ. ಕಾಗದ ಸುಡೋವಾಗ ಒಂದು ಕಟ್ಟು ಬೆಂಕಿಯಿಂದ ಎಳೆದುಕೊಂಡವನು ನಾನು."

"ಬೈಯೋಕೆ ಬಂದಿಲ್ಲ. ಯಾಕೆ ಅಂತ ಹೇಳಿ. ನೀನಲ್ಲ, ನೀನು ಮೊದಲಿಂದ ಹೇಳೋಕೆ ಶುರು ಮಾಡ್ತೀಯ. ನೀನು ಹೇಳು, ಮಗಳೇ. ನೀನೇ ಬರೆದ ಎಲೆಗೆ ನೀನೇ ಯಾಕೆ ಕಲ್ಲು ಹಾಕಿದೆ?"

ಸೊಸೆ ಕಣ್ಣೊರೆಸಿಕೊಂಡು ಹೇಳತೊಡಗಿದಳು.

"ಹೊಸ ಕಾಗದ ಹೇಗಿದೆ ಅಂತ ಕೇಳೋಕೆ ನಾನು ಮನೆ ಮನೆಗೆ ಹೋಗ್ತಿದ್ನಲ್ಲ, ದೊಡ್ಡತ್ತೆ. ಎಲ್ಲರೂ ನೊರೆ ಬರಲ್ಲ ಅನ್ನೋರು. ಬಟ್ಟೆ ಒಗೆಯೋ ಒಬ್ಬ ಅಣ್ಣನ ಮುಂದೆ ಎರಡು ಸೋಪನ್ನ ಕಾಗದ ತೆಗೆದು ಇಟ್ಟೆ. ಎರಡರಲ್ಲೂ ಒಗೆದು ನೋಡಿ, ಎರಡೂ ಒಂದೇ ತಾಯಿ ಮಕ್ಕಳು ಅಂದ. ಮಾರನೇ ದಿನ ಅವನ್ನೇ ಕಾಗದ ಸುತ್ತಿ ಇಟ್ಟೆ. ಬಾತುಕೋಳಿದು ಒಳ್ಳೇ ನೊರೆ, ಎಲೇದು ನೀರು ನೀರು ಅಂದ. ನಾನು ದಾರಿ ತುಂಬ ನಗ್ತಾ ಬಂದೆ."

"ನನಗೂ ಬಂದು ಹೇಳಿದಳು" ಎಂದ ತಮ್ಮ. "ಆವಾಗ ನಮ್ಮಿಬ್ಬರದು ನಿಜವಾಗ್ಲೂ ಜಗಳ ಇತ್ತು. ಆದರೂ ಹೇಳಿದಳು."

"ಸುಮ್ನಿರು ನೀನು" ಎಂದಳು ಅತ್ತೆ.

"ಕಾಲುವೆ ಆಚೆ ಒಂದು ಮನೆ ಇದೆ ದೊಡ್ಡತ್ತೆ. ಅಲ್ಲೊಬ್ಬರು ಅಜ್ಜಿ. ಅವರಿಗೆ ಮರೆವು. ಮಗನ ಮುಖ ಮರೆತಿದೆ, ತನ್ನ ಹೆಸರೂ ಒಮ್ಮೊಮ್ಮೆ ಮರೆಯುತ್ತೆ. ಬೆಳಿಗ್ಗೆ ಎದ್ದು ಬಟ್ಟೆ ಕಲ್ಲಿನ ಹತ್ರ ಹೋಗಿ ಕೂರೋದು ಮಾತ್ರ ಮರೆತಿಲ್ಲ. ಒಗೆಯೋಕೆ ಬಿಡಲ್ಲ ಅವರನ್ನ, ಸುಮ್ನೆ ಕೂರ್ತಾರೆ, ಸೋಪಿನ ಬಾತುಕೋಳಿ ನೋಡ್ಕೊಂಡು. ನಮ್ಮ ಬಿಳಿ ಸೋಪು ಹೋದ ದಿನ ಕಲ್ಲಿನ ಹತ್ರ ಕೂತವರು ಎದ್ದು ಗಂಟು ಕಟ್ಟೋಕೆ ಶುರು ಮಾಡಿದ್ರಂತೆ. ಯಾರ ಮನೆಗೆ ಕರ್ಕೊಂಡು ಬಂದಿದ್ದೀರಿ ನನ್ನ, ನಮ್ಮನೆಗೆ ಕಳಿಸಿ ಅಂತ. ನಾನು ಹೋದಾಗ ಗಂಟು ಮಡಿಲಲ್ಲಿಟ್ಟುಕೊಂಡು ಬಾಗಿಲಲ್ಲಿ ಕೂತಿದ್ರು. ನನ್ನ ಕೈ ಹಿಡ್ಕೊಂಡು, ಅಮ್ಮಾ ನಿನಗೆ ದಾರಿ ಗೊತ್ತಾ ಅಂದ್ರು."

ಅವಳು ಮಡಿಲಲ್ಲಿದ್ದ ಅಂಟಿನ ಕಡ್ಡಿಯನ್ನು ತೆಗೆದು ಹಲಗೆಯ ಮೇಲಿಟ್ಟಳು.

"ಮನೆಗೆ ಬಂದು ಮಾವನ ಮುಂದೆ ನಿಂತು, ಒಂದೇ ಒಂದು ಹಳೇ ಕಾಗದ ಇದ್ರೆ ಕೊಡಿ ಅಂದೆ. ಎರಡು ತಿಂಗಳಿಂದ ಅವರು ನನ್ನ ಹತ್ರ ಮಾತಾಡಿರಲಿಲ್ಲ. ಎದ್ದು ಹೋಗಿ ಹಾಸಿಗೆ ಕೆಳಗಿಂದ ಕಟ್ಟನ್ನೇ ತಂದು ಕೊಟ್ರು."

"ಇವಳಿಗೆ ಸುತ್ತೋಕೆ ಬರ್ತಿರಲಿಲ್ಲ" ಎಂದ ತಮ್ಮ ಮೂಗು ಒರೆಸಿಕೊಳ್ಳುತ್ತ. "ಬಾತುಕೋಳಿ ಸೋಪಿನ ಬೆನ್ನಿಗೆ ಹೋಗಿಬಿಡೋದು. ನಾನು ಈ ಕಡೆ ಹಿಡ್ಕೊಂಡೆ. ಹಾಗೇ ಶುರುವಾಯ್ತು. ಅಜ್ಜಿಗೆ ಕೊಟ್ಟದ್ದನ್ನ ಪಕ್ಕದ ಮನೆಯವರು ನೋಡಿದ್ರು. ಅವರಿಗೂ ಬೇಕಾಯ್ತು. ಇವಳು ಅಭಿಪ್ರಾಯ ಕೇಳೋ ನೆಪದಲ್ಲಿ ಚೀಲದಲ್ಲಿ ಒಯ್ದು ಅಂಗಡಿಗೆ ಕೊಡೋದು, ಅವನು ಅಷ್ಟೇ ಬಿಳಿ ಸೋಪು ವಾಪಸ್ ಕೊಡೋದು. ಕದ್ದದ್ದು ಒಂದೂ ಇಲ್ಲ ಅಕ್ಕ. ನಮ್ಮ ಸೋಪಿಗೆ ನಮ್ಮ ಅಂಗಿ ಹಾಕಿದ್ವಿ ಅಷ್ಟೆ."

"ಅವನಿಗೆ ಹೇಳೋಕೆ ಏನಾಗಿತ್ತು? ನಿನ್ನ ಗಂಡನಿಗೆ?"

ಸೊಸೆ ಸುತ್ತಿದ ಸೋಪನ್ನು ಪಕ್ಕಕ್ಕೆ ಸರಿಸಿದಳು. "ಮೊದಲ ಬಿಳಿ ಕಾಗದಕ್ಕೆ ಅವರು ಚೌಕಟ್ಟು ಹಾಕಿಸಿ ಮಲಗೋ ಕೋಣೇಲಿ ನೇತು ಹಾಕಿದ್ದಾರೆ, ದೊಡ್ಡತ್ತೆ. ಬಂದವರಿಗೆಲ್ಲ ನಮ್ಮವಳು ಬರೆದದ್ದು ಅಂತ ತೋರಿಸ್ತಾರೆ. ಸೋಪು ವಾಪಸ್ ಬಂದಾಗೆಲ್ಲ ಜನಕ್ಕೆ ರುಚಿ ಇಲ್ಲ, ನಿನ್ನದೇನೂ ತಪ್ಪಿಲ್ಲ ಅಂತ ನನಗೇ ಸಮಾಧಾನ ಹೇಳ್ತಾರೆ. ನನ್ನ ಎಲೆ ಯಾರಿಗೂ ಬೇಡ ಅಂತ ನಾನೇ ಹೇಗೆ ಹೇಳಲಿ?"

ಅತ್ತೆಗೆ ಈ ಮನೆಯ ಮೇಲೆ ಸಿಟ್ಟು ಬರಬೇಕಾಗಿತ್ತು, ಬರಲಿಲ್ಲ. ಒಬ್ಬರಿಂದೊಬ್ಬರಿಗೆ ನೋವಾಗದಿರಲೆಂದು ಎಲ್ಲರೂ ಸೇರಿ ಕಾರ್ಖಾನೆಯನ್ನೇ ಮುಳುಗಿಸಲು ಹೊರಟಿದ್ದರು. ಅವಳು ಸೊಸೆಯ ತಲೆಯ ಮೇಲೆ ಕೈಯಿಟ್ಟಳು. ಆಮೇಲೆ ಹೇಳಬೇಕಾದದ್ದನ್ನು ಹೇಳಿದಳು.

"ನಿಮ್ಮ ಆಟಕ್ಕೆ ಇವತ್ತು ಬೆಳಿಗ್ಗೆ ಮಡಿಕೆಯಕ್ಕನ ಬೀಗದ ಕೈ ಹೋಯ್ತು. ಸಂಜೆ ಪೊಲೀಸರು ಬರ್ತಾರೆ, ಅವಳಿಗಾಗಿ."

ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಅವರಿಗೆ ಗೊತ್ತಿರಲಿಲ್ಲ. ಅದು ಅತ್ತೆಗೆ ತಕ್ಕಡಿಯ ಮುಳ್ಳಿನಷ್ಟು ಸ್ಪಷ್ಟವಾಗಿ ಕಂಡಿತು.

"ಅವಳಿಗಾ?" ಎಂದ ತಮ್ಮ. "ಅವಳಿಗಾ ಅಕ್ಕ? ನನಗೆ ಮಡಿಕೆ ಕಲಿಸಿದವಳು ಅವಳು. ನನ್ನ ಮಗನನ್ನ ಎತ್ತಿ ಆಡಿಸಿದವಳು. ಇವನು ಸೋಪು ಕಚ್ಚಿ ತಿಂದ ದಿನ ಬಾಯಲ್ಲಿ ಕೈ ಹಾಕಿ ತೆಗೆದವಳು ಅವಳು."

ಸೊಸೆ ಆಗಲೇ ಎದ್ದಿದ್ದಳು. "ನಾನು ಹೋಗಿ ಹೇಳ್ತೀನಿ. ಈಗಲೇ. ಚೌಕಟ್ಟು ಒಡೆದುಹೋದ್ರೆ ಹೋಗಲಿ."

"ನಾನೂ ಬರ್ತೀನಿ" ಎಂದು ತಮ್ಮ ಎದ್ದ. ಮತ್ತೆ ತೊಲೆಗೆ ತಲೆ ಬಡಿಯಿತು.

ಅವರು ಬಾಗಿಲು ದಾಟುವ ಮೊದಲೇ ಹಿತ್ತಲಿನಲ್ಲಿ ಹೆಜ್ಜೆ ಸದ್ದಾಯಿತು. ಚಿಕ್ಕ ಯಜಮಾನ ಒಂದು ಬಟ್ಟೆಯ ಚೀಲ ಹಿಡಿದು ಬರುತ್ತಿದ್ದ. ಕೊಟ್ಟಿಗೆಯ ಬಾಗಿಲಲ್ಲಿ ಅಪ್ಪನನ್ನೂ ಹೆಂಡತಿಯನ್ನೂ ಪಕ್ಕ ಪಕ್ಕದಲ್ಲಿ ಕಂಡು ನಿಂತುಬಿಟ್ಟ.

"ನೀವಿಬ್ಬರೂ ಮಾತಾಡ್ತಿದ್ದೀರಾ?"

"ನಿಮಗೊಂದು ಹೇಳಬೇಕು" ಎಂದಳು ಸೊಸೆ.

"ಆಮೇಲೆ ಹೇಳು. ಮೊದಲು ನನ್ನ ಮಾತು ಕೇಳು." ಅವನ ಮುಖದಲ್ಲಿ ಗೆದ್ದವನ ಕಳೆ ಇರಲಿಲ್ಲ. ಯಾವುದೋ ಭಾರ ಇಳಿಸಲು ಜಾಗ ಹುಡುಕುವವನ ಹಾಗಿದ್ದ. "ಅತ್ತೆ, ಇನ್ನು ಹುಡುಕೋದು ಬೇಡ. ಮಡಿಕೆಯಕ್ಕ ತಾನಾಗೇ ಬಂದು ಒಪ್ಪಿಕೊಂಡಳು."

"ಏನಂತ?" ಎಂದಳು ಅತ್ತೆ.

"ಎಲ್ಲ ತಾನೇ ಮಾಡಿದ್ದು ಅಂತ. ಕಾಗದ, ಸೋಪು, ಎಲ್ಲ. ಬೆಳಿಗ್ಗೆ ಕೂಗಾಡಿದ್ದೆ, ಅವಳು ಬಂದು ಎದುರಿಗೆ ನಿಂತಾಗ ಕೂಗೋಕೆ ಆಗಲಿಲ್ಲ. ಹೋಗಲಿ ಬಿಡಕ್ಕ, ಪೊಲೀಸೂ ಬೇಡ, ಏನೂ ಬೇಡ, ನಾಳೆಯಿಂದ ಕೆಲಸಕ್ಕೆ ಬಾ ಅಂದೆ."

ತಮ್ಮ ಉಸಿರು ಬಿಟ್ಟ. "ಬುದ್ಧಿ ಬಂತಲ್ಲ."

"ಅವಳಿಗೆ ಅದು ಬೇಡವಂತೆ ಅಪ್ಪ. ಪೊಲೀಸರನ್ನ ಕರೀಲೇಬೇಕಂತೆ. ಕತ್ತಲಾಗೋದ್ರೊಳಗೆ ಕರೆಸು, ನನ್ನ ಕರ್ಕೊಂಡು ಹೋಗಲಿ ಅಂತಾಳೆ. ನಂಬದಿದ್ರೆ ಇದನ್ನ ನೋಡು ಅಂತ ಕೊಟ್ಟಳು." ಅವನು ಚೀಲವನ್ನು ಹಲಗೆಯ ಮೇಲೆ ಸುರಿದ.

ಹಳದಿ ಕಾಗದದ ಸೋಪುಗಳು ಉರುಳಿದವು. ಒಂದೊಂದರ ಮೇಲೂ ಕೆಂಪು ವೃತ್ತ, ಅದರೊಳಗೆ ಬಾತುಕೋಳಿ.

ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ನಾವು ಮಾಡಿದ್ದಲ್ಲ" ಎಂದಳು ಸೊಸೆ ಮೆಲ್ಲಗೆ. "ದೊಡ್ಡತ್ತೆ, ನಮ್ಮ ಕಟ್ಟು ಹೋದ ವಾರವೇ ಮುಗೀತು. ಗಂಜಿ ಬಟ್ಟಲು ನೋಡಿ, ಒಣಗಿದೆ. ಸುಮ್ನೆ ಇಲ್ಲಿ ಬಂದು ಕೂತು ಮಾತಾಡ್ತಿದ್ವಿ ಅಷ್ಟೆ."

"ನೀವು ಮಾಡಿದ್ದು ಅಂದ್ರೆ?" ಎಂದ ಚಿಕ್ಕ ಯಜಮಾನ.

ಅತ್ತೆ ಅವನ ಕೈಯನ್ನೇ ನೋಡುತ್ತಿದ್ದಳು. ಸೋಪುಗಳನ್ನು ತುಂಬಿಕೊಂಡು ಬಂದ ಆ ಅಂಗೈ, ಬೆರಳ ಸಂದುಗಳು, ಎಲ್ಲ ಕೆಂಪಾಗಿದ್ದವು.

"ಗಾಯ ಆಯ್ತಾ?" ಎಂದ ತಮ್ಮ ಗಾಬರಿಯಿಂದ.

ಅತ್ತೆ ಒಂದು ಸೋಪನ್ನು ಎತ್ತಿ ಕೆಂಪು ವೃತ್ತದ ಮೇಲೆ ಬೆರಳು ಎಳೆದಳು. ಬಾತುಕೋಳಿಯ ಕತ್ತು ಅವಳ ಬೆರಳಿಗೆ ಬಂತು. ಶಾಯಿ ಇನ್ನೂ ಹಸಿಯಾಗಿತ್ತು.

"ಇದನ್ನ ಇವತ್ತು ಅಚ್ಚು ಹಾಕಿದ್ದಾರೆ" ಎಂದಳು.

ತಮ್ಮ ಹಲಗೆಯ ಅಂಚು ಹಿಡಿದುಕೊಂಡ. "ಆಗಲ್ಲ ಅಕ್ಕ. ಕಾಗದದ ಬಾತುಕೋಳಿಯ ಅಚ್ಚು, ಎಲೆ ಬಂದ ದಿನವೇ ಅಪ್ಪನ ಸಮಾಧಿಯ ಮಣ್ಣಿಗೆ ಹೋಯ್ತು. ನನ್ನ ಕೈಯಾರೆ ಇಟ್ಟಿದ್ದೀನಿ."

ಅತ್ತೆ ಸೋಪನ್ನು ಮೂಗಿನ ಹತ್ತಿರ ತಂದಳು. ಕಾಗದದೊಳಗಿಂದ ಬಂದ ವಾಸನೆ ತವರಿನ ಸೋಪಿನದಾಗಿರಲಿಲ್ಲ.

"ಅವಳೀಗ ಎಲ್ಲಿದ್ದಾಳೆ?"

"ಕಾರ್ಖಾನೆಯ ಆಫೀಸಿನಲ್ಲಿ" ಎಂದ ಚಿಕ್ಕ ಯಜಮಾನ. "ನಾನು ಹೊರಗೆ ಬಂದ ಕೂಡಲೇ ಒಳಗಿಂದ ಚಿಲಕ ಹಾಕಿಕೊಂಡಳು. ಪೊಲೀಸರ ದನಿ ಕೇಳೋವರೆಗೆ ತೆಗೆಯಲ್ಲವಂತೆ. ನಾನು ಕರೆದರೂ ತೆಗೆಯಲ್ಲ, ಅಪ್ಪ ಕರೆದರೂ ತೆಗೆಯಲ್ಲ ಅಂದಳು. ಆಮೇಲೆ ಬಾಗಿಲ ಸಂದಿಯಿಂದ ಇನ್ನೊಂದು ಮಾತು ಹೇಳಿದಳು, ಅತ್ತೆ. ಯಾರಾದರೂ ನಾನು ಮಡಿಕೆಯಕ್ಕನ ಮಗ ಅಂತ ಹೇಳಿಕೊಂಡು ಬಂದರೆ, ಅವಳು ಇಲ್ಲಿ ಇಲ್ಲ ಅಂತ ಹೇಳಬೇಕಂತೆ."

ಮಡಿಕೆಯಕ್ಕನಿಗೆ ಮಕ್ಕಳಿದ್ದದ್ದು ಆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅತ್ತೆ ಬೆರಳಿನ ಹಸಿ ಶಾಯಿ ನೋಡಿದಳು: ಈ ಬಾತುಕೋಳಿ ಆ ಮಗನ ಕೈಯದೇ ಇರಬೇಕು, ಅವಳು ಪೊಲೀಸರನ್ನು ಬೇಡುತ್ತಿದ್ದದ್ದೂ ಅವನಿಗೆ ಹೆದರಿಯೇ.